ಪರದೆಯಾಚೆ ಕಲಾವಿದ, ಈಚೆ ಹಳೇಕೋಟೆ

ಜನವರಿ 8 ಹತ್ತಿರ ಬಂತೆಂದರೆ ಹಾಸನ ಸೀಮೆಯ ಹುಡುಗರಿಗೆ ಹಬ್ಬ. ಅಂದು ನಟ ಯಶ್ ಹುಟ್ಟುಹಬ್ಬ; ಅವರು ಹುಟ್ಟಿದ್ದು ಇದೇ ಜಿಲ್ಲೆಯ ಭುವನಹಳ್ಳಿಯಲ್ಲಿ. ‘ನಮ್ಮ ಜಿಲ್ಲೆ ಹುಡುಗ’ ಎನ್ನುವ ಹೆಮ್ಮೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲೂ ಇದೆ, ಚನ್ನರಾಯಪಟ್ಟಣದಲ್ಲೂ ಇದೆ. ಆದರೆ ಆ ನಮ್ಮ ಹುಡುಗನನ್ನು ಕಣ್ಣಾರೆ ನೋಡಬೇಕೆಂದರೆ ಬಸ್ ಹತ್ತಿ ಬೆಂಗಳೂರಿಗೇ ಹೋಗಬೇಕು. ಹೋದರೂ ಸಿಗುವುದು ಬ್ಯಾರಿಕೇಡ್ ಆಚೆಯಿಂದ ಒಂದು ಕೈಬೀಸು.

ಈ ಹಂಬಲ ಜೀವವನ್ನೂ ತೆಗೆದದ್ದುಂಟು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆಂದು ಕಟೌಟ್ ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ತೀರಿಕೊಂಡರು. ಯಶ್ ಆ ಊರಿಗೆ ಹೋಗಿ ಹೆತ್ತವರನ್ನು ಕಂಡರು. ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೇಳಿಕೊಂಡರು.

ನೆಚ್ಚಿನ ಕಲಾವಿದನನ್ನು ಮೊಬೈಲ್ ಪರದೆಯ ಮೇಲೆ ಭೇಟಿ ಮಾಡಿಸುವ ವೇದಿಕೆಗಳು ಬೆಳೆದದ್ದು ಇಂಥ ಹಂಬಲವನ್ನೇ ನಂಬಿಕೊಂಡು. ಅಮೆರಿಕದ ಷಿಕಾಗೊದಲ್ಲಿ 2017ರಲ್ಲಿ ‘ಕ್ಯಾಮಿಯೊ’ ಶುರುವಾಯಿತು. ಮುಂಬೈಯಲ್ಲಿ 2020ರಲ್ಲಿ ‘ಟ್ರಿಂಗ್’ ಬಂತು. ಹುಟ್ಟುಹಬ್ಬಕ್ಕೆ ಹೆಸರು ಹಿಡಿದು ಹಾರೈಸುವ ವಿಡಿಯೊಗೆ ಒಂದು ದರ, ನೇರ ವಿಡಿಯೊ ಕರೆಗೆ ಇನ್ನೊಂದು. ಹಣ ಕಟ್ಟಿದರೆ ಲಿಂಕ್ ಬರುತ್ತದೆ. ಹೊತ್ತಿಗೆ ಸರಿಯಾಗಿ ಒತ್ತಿ ಸರದಿಯಲ್ಲಿ ಕಾಯಬೇಕು. ಮುಖ ಕಂಡ ಕೂಡಲೇ ಸೆಕೆಂಡುಗಳ ಎಣಿಕೆ ಶುರು. ‘ನಮಸ್ಕಾರ ಅಣ್ಣ, ನಿಮ್ಮ ದೊಡ್ಡ ಫ್ಯಾನ್’ ಎನ್ನುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಸಿಗ್ನಲ್‌ಗಾಗಿ ತಾರಸಿ ಹತ್ತಿ ನಿಂತವನಿಗೆ ಉಳಿದರ್ಧವೂ ‘ಕೇಳಿಸ್ತಿದೆಯಾ ಅಣ್ಣ?’ ಎನ್ನುವುದರಲ್ಲೇ ಕಳೆದುಹೋಗಬಹುದು. ದಕ್ಷಿಣ ಕೊರಿಯಾದಲ್ಲಂತೂ ಆಲ್ಬಮ್ ಕೊಂಡವರಲ್ಲಿ ಚೀಟಿ ಎತ್ತಿ, ಗೆದ್ದವರಿಗೆ ಒಂದೆರಡು ನಿಮಿಷದ ಕರೆ ಕೊಡುವುದೇ ರೂಢಿಯಾಗಿದೆ.

ಅಭಿಮಾನಿಗಳನ್ನು ದೇವರೆಂದು ಕರೆದ ಡಾ. ರಾಜ್‌ಕುಮಾರ್ ಅವರ ನಾಡಿನಲ್ಲಿ ದೇವರೇ ದುಡ್ಡು ಕೊಟ್ಟು ದರ್ಶನ ಪಡೆಯಬೇಕಾಗಿ ಬಂದಿದೆ. ಕಲಾವಿದ ತನ್ನ ಸಮಯಕ್ಕೆ ಬೆಲೆ ಕೇಳುವುದು ತಪ್ಪೇನಲ್ಲ. ಆದರೆ ಎರಡು ನಿಮಿಷದ ಮುಖದರ್ಶನ ಆ ಬೆಲೆಗೆ ತಕ್ಕದ್ದೇ?

ಹಣ ಕೇಳಿಯೂ ಘನತೆ ಉಳಿಸಿಕೊಂಡ ಮಾದರಿ ನಮ್ಮ ಕಣ್ಣೆದುರಿಗೇ ಇದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಫೇಸ್‌ಬುಕ್ ಲೈವ್‌ನಲ್ಲಿ ಕೂತು ಅಭಿಮಾನಿಗಳು ಕೇಳಿದ ಹಾಡು ಹಾಡಿದರು. ಕೋರಿಕೆಗೆ 100 ರೂಪಾಯಿ; ಕೂಡಿದ ಹಣ ಕೊರೊನಾ ಪರಿಹಾರಕ್ಕೆ. ಅಲ್ಲಿ ಕೇಳಿದವರಿಗೆ ಸಿಕ್ಕಿದ್ದು ಸೆಲ್ಫಿಯಲ್ಲ, ಹಾಡು. ಮರುವರ್ಷ ಕ್ಲಬ್‌ಹೌಸ್ ಆ್ಯಂಡ್ರಾಯ್ಡ್ ಫೋನಿಗೆ ಬಂದಾಗ ಕಿಚ್ಚ ಸುದೀಪ್ ಅಭಿಮಾನಿಗಳ ಜೊತೆ ಮಾತಿಗೆ ಕೂತರು. ಅಲ್ಲಿ ಮುಖವೇ ಕಾಣುವುದಿಲ್ಲ, ದನಿಯಷ್ಟೇ. ಆದರೂ ಜನ ಮುಗಿಬಿದ್ದರು.

ಹಳ್ಳಿಯ ಹುಡುಗರು ಒಂದು ಎಚ್ಚರ ಮಾತ್ರ ಇಟ್ಟುಕೊಳ್ಳಲೇಬೇಕು. ಪಕ್ಕದ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಅಂಟಿಸಿದ ನಕಲಿ ವಿಡಿಯೊ 2023ರ ನವೆಂಬರಿನಲ್ಲಿ ದೇಶವೆಲ್ಲ ಹರಿದಾಡಿತು. 2025ರ ಸೆಪ್ಟೆಂಬರಿನಲ್ಲಿ ಉಪೇಂದ್ರ ದಂಪತಿಯ ಫೋನುಗಳೇ ವಂಚಕರ ಕೈವಶವಾಗಿ, ಅವರ ಹೆಸರಿನಲ್ಲಿ ಪರಿಚಿತರಿಗೆ ಹಣ ಕೇಳುವ ಸಂದೇಶಗಳು ಹೋದವು. ‘ಹೀರೊ ಜೊತೆ ಮಾತಾಡಿಸ್ತೀವಿ, ಮೊದಲು ದುಡ್ಡು ಹಾಕಿ’ ಎಂಬ ಸಂದೇಶ ಬಂದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಇನ್ನು ಕಲಾವಿದರೆಂದರೆ ಬೆಂಗಳೂರಿನವರು ಮಾತ್ರ ಎಂದುಕೊಳ್ಳಬೇಕಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ರುದ್ರಪಟ್ಟಣ ಕರ್ನಾಟಕ ಸಂಗೀತಕ್ಕೆ ಮನೆತನಗಳನ್ನೇ ಕೊಟ್ಟ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಹಾಡಿದವರು. ತ್ಯಾಗರಾಜನ್ ಮತ್ತು ತಾರಾನಾಥನ್ ‘ರುದ್ರಪಟ್ಟಣ ಸಹೋದರರು’ ಎಂದೇ ಹೆಸರಾದರು. ಆರ್.ಕೆ. ಪದ್ಮನಾಭ ಹುಟ್ಟೂರಿನಲ್ಲಿ ತಂಬೂರಿಯ ಆಕಾರದ ಸಂಗೀತ ಮಂದಿರವನ್ನೇ ಕಟ್ಟಿಸಿ, ಸಂಗೀತೋತ್ಸವ ನಡೆಸಿಕೊಂಡು ಬಂದಿದ್ದಾರೆ. ಈ ಸಂಗೀತವನ್ನು ಪರದೆಯ ಮೂಲಕ ಕಲಿಸುವುದೂ ಹೊಸದೇನಲ್ಲ. ಬೆಂಗಳೂರಿನ ಸಂಗೀತ ಗುರುಗಳು ಕೊರೊನಾಗೆ ಎಷ್ಟೋ ಮೊದಲೇ ಸ್ಕೈಪ್‌ನಲ್ಲಿ ಅಮೆರಿಕದ ಕನ್ನಡ ಮಕ್ಕಳಿಗೆ ಸರಳೆ ಜಂಟಿ ಹೇಳಿಕೊಡುತ್ತಿದ್ದರು. ಗುರು ಹಾಡಿದ್ದನ್ನು ಶಿಷ್ಯೆ ಹಾಡಿ ಒಪ್ಪಿಸುತ್ತಾಳೆ. ದನಿ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಹಾಡಲಾಗದು, ತಾಳ ಜಾರುತ್ತದೆ. ಆದರೂ ಕಲಿಕೆ ನಡೆಯುತ್ತದೆ. ನ್ಯೂಜೆರ್ಸಿಯ ಮಗುವಿಗೆ ಸಿಗುವ ಈ ಭಾಗ್ಯ ರುದ್ರಪಟ್ಟಣಕ್ಕೆ ಅಷ್ಟೇನೂ ದೂರವಿಲ್ಲದ ಹಳೇಕೋಟೆಯ ಮಗುವಿಗೇಕೆ ಬೇಡ?

ಅದಕ್ಕೆ ಬೇಕಾದ್ದು ಹೊಸ ಆ್ಯಪ್ ಅಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರ್, ಟಿ.ವಿ. ಬಂದಿವೆ. ಹಾಸನದ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದು ಬಂದವರು. ಅವರಂಥ ಲೇಖಕರನ್ನೋ, ರುದ್ರಪಟ್ಟಣದ ವಿದ್ವಾಂಸರನ್ನೋ, ಹಳ್ಳಿ ಹಳ್ಳಿಗೆ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರನ್ನೋ ತಿಂಗಳಿಗೊಮ್ಮೆ ಒಂದು ಗಂಟೆ ಆ ಪರದೆಗೆ ಕರೆತರಬಹುದು. ಮಕ್ಕಳ ಪ್ರಶ್ನೆಗಳನ್ನು ಶಾಲೆಯ ಮೇಷ್ಟ್ರು ಮೊದಲೇ ಬರೆಸಿಟ್ಟುಕೊಳ್ಳಲಿ, ಕಲಾವಿದರಿಗೆ ಗೌರವಧನವನ್ನು ಪಂಚಾಯಿತಿ ಕೊಡಲಿ. ಹಳೇಕೋಟೆ ಹೋಬಳಿಯ ಪಂಚಾಯಿತಿಗಳು ಈ ಕೆಲಸವನ್ನು ಬರುವ ರಾಜ್ಯೋತ್ಸವದಿಂದಲೇ ಶುರು ಮಾಡಲಿ.