ಮನೆ ಕಂದಾಯ ಕಮ್ಮಿ ಮಾಡಿಸೋ ಮುಂಚೆ ರಿಜಿಸ್ಟರ್‌ನಲ್ಲಿ ಏನಿದೆ ನೋಡಿ

ಹೋದ ವರ್ಷ ಮಾರ್ಚ್ ಕೊನೇ ವಾರ. ತೋಟದಲ್ಲಿ ಕಾಯಿ ಕೆಡವಿಸ್ತಾ ಇದ್ದೆ. ಪಂಚಾಯ್ತಿ ಬಿಲ್ ಕಲೆಕ್ಟರ್ ಮನೆ ಹತ್ರ ಬೈಕ್ ನಿಲ್ಲಿಸಿ ಅಪ್ಪನ ಕೈಗೆ ಡಿಮ್ಯಾಂಡ್ ನೋಟಿಸ್ ಕೊಟ್ಟು ಹೋಗಿದ್ರು. ಸಂಜೆ ನೋಡಿದ್ರೆ ಅದರಲ್ಲಿ ಮೂರು ಆಸ್ತಿ ನಂಬರ್ ಇದ್ವು. ಒಂದು ನಾವಿರೋ ಮನೆ. ಎರಡನೇದು ಪಕ್ಕದ ದನದ ಕೊಟ್ಟಿಗೆ. ಮೂರನೇದು ಅಜ್ಜನ ಕಾಲದ ಹೆಂಚಿನ ಮನೆ, ಅದು ಮಳೆಗೆ ಬಿದ್ದುಹೋಗಿ ನಾಲ್ಕು ವರ್ಷ ಆಗಿತ್ತು! ಕೊಟ್ಟಿಗೆಯನ್ನಂತೂ ‘ಆರ್‌ಸಿಸಿ ವಾಸದ ಮನೆ’ ಅಂತ ಬರೆದಿದ್ರು. ಅದಕ್ಕೆ ಇರೋದು ತಗಡಿನ ಶೀಟು.

ಅಪ್ಪ ಮಾತ್ರ ಆರಾಮಾಗಿದ್ರು. “ರೈತರಿಗೆ ಮನೆ ಕಂದಾಯ ಮಾಫಿಯಂತೆ ಕಣೋ, ಕಟ್ಟೋದೇನೂ ಬೇಡ ಬಿಡು” ಅಂದ್ರು. ಈ ಮಾತು ನಿಮ್ಮ ಊರಿನ ಅರಳಿಕಟ್ಟೆ ಮೇಲೂ ಕೇಳಿರ್ತೀರಿ. ಇದು ಎಷ್ಟು ನಿಜ ಅಂತ ಹುಡುಕ್ತಾ ಹೋದಾಗ ಗೊತ್ತಾದದ್ದನ್ನ ಇಲ್ಲಿ ಬರೀತಿದ್ದೀನಿ.

ಎರಡು ಕಂದಾಯ, ಎರಡು ಲೆಕ್ಕ

ನಾವು ಎರಡನ್ನೂ ‘ಕಂದಾಯ’ ಅಂತೀವಿ, ಗೊಂದಲ ಶುರುವಾಗೋದು ಅಲ್ಲೇ. ಜಮೀನಿನ ಮೇಲಿನ ಭೂ ಕಂದಾಯ ಕಂದಾಯ ಇಲಾಖೆಗೆ ಸೇರಿದ್ದು. ಮನೆ ಕಂದಾಯ ಅಂದ್ರೆ ಗ್ರಾಮ ಪಂಚಾಯಿತಿ ಹಾಕುವ ಆಸ್ತಿ ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಸೆಕ್ಷನ್ ಪ್ರಕಾರ ಪಂಚಾಯಿತಿ ತೆರಿಗೆ ಹಾಕೋದು ಕಟ್ಟಡಗಳ ಮೇಲೆ, ಮತ್ತೆ ಕೃಷಿ ಕಂದಾಯಕ್ಕೆ ಒಳಪಡದ ಜಾಗಗಳ ಮೇಲೆ. ಅಂದ್ರೆ ನಿಮ್ಮ ಹೊಲ, ಗದ್ದೆ, ತೋಟದ ನೆಲ ಈ ತೆರಿಗೆಯಿಂದ ಹೊರಗೆ. ಆದರೆ ರೈತ ಅನ್ನೋ ಒಂದೇ ಕಾರಣಕ್ಕೆ ಊರೊಳಗಿನ ಮನೆಗೆ ಮಾಫಿ ಸಿಗಲ್ಲ.

ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತಿದೆ. ಮಾಲೀಕ ಪಂಚಾಯಿತಿ ವ್ಯಾಪ್ತಿ ಬಿಟ್ಟು ಹೋಗಿದ್ದರೆ ಅಥವಾ ಸಿಗದೇ ಇದ್ದರೆ, ಆ ಮನೆಯಲ್ಲಿ ಇರೋರೇ ತೆರಿಗೆ ಕಟ್ಟಬೇಕು. ಅಣ್ಣ ಬೆಂಗಳೂರಲ್ಲಿದ್ದಾನೆ, ಖಾತೆ ಅವನ ಹೆಸರಲ್ಲಿದೆ, ಕಟ್ಟಿದ್ರೆ ಅವನೇ ಕಟ್ಟಲಿ ಅಂತ ಸುಮ್ಮನಿರೋರು ಇದನ್ನ ಗಮನಿಸಿ.

ತೋಟದ ಮನೆ ಕಥೆ

ಜಮೀನಲ್ಲಿ ಕಟ್ಟಿಕೊಂಡ ಪಂಪ್ ಶೆಡ್, ದನದ ಕೊಟ್ಟಿಗೆ, ತೋಟದ ಮನೆ ಬಗ್ಗೆ ಬಹಳ ಜನ ಕೇಳ್ತಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್, ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳೋಕೆ ರೈತನಿಗೆ ಹಕ್ಕು ಕೊಡುತ್ತೆ. ಭೂ ಪರಿವರ್ತನೆ ಬೇಕಿಲ್ಲ. ತೋಟದ ಮನೆಗೆ ಮಾತ್ರ ಮಿತಿ ಇದೆ: ಅದು ಹಿಡುವಳಿಯ ಶೇ 10ರಷ್ಟು ಜಾಗ ಮೀರಬಾರದು, ನಿಮ್ಮ ಸ್ವಂತ ಬಳಕೆಗೇ ಇರಬೇಕು. ಅದನ್ನೇ ಹೋಮ್‌ಸ್ಟೇ ಮಾಡಿದ್ರೆ, ಮುಂದೆ ಒಂದು ಅಂಗಡಿ ಮಳಿಗೆ ಎಳೆದ್ರೆ ಲೆಕ್ಕ ಬದಲಾಗುತ್ತೆ. ಪರಿವರ್ತನೆಯೂ ಬೇಕು, ತೆರಿಗೆಯೂ ಬರುತ್ತೆ. ಸ್ವಂತ ಬಳಕೆಯ ತೋಟದ ಮನೆಗೆ ತೆರಿಗೆ ಕೇಳಿದ್ರೆ ಜಗಳಕ್ಕೆ ಹೋಗಬೇಡಿ. ಯಾವ ನಿಯಮದ ಮೇಲೆ ಹಾಕಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳಿ.

ನಾನು ಮಾಡಿದ್ದು

ಮನೆ ತೆರಿಗೆ ನಿರ್ಧಾರ ಆಗೋದು ಜಾಗದ ಬೆಲೆ, ಕಟ್ಟಡದ ಅಳತೆ, ಚಾವಣಿ ಯಾವುದು, ಎಷ್ಟು ಹಳೇದು, ವಾಸಕ್ಕೋ ವ್ಯಾಪಾರಕ್ಕೋ ಅನ್ನೋದರ ಮೇಲೆ. ಇದರಲ್ಲಿ ಒಂದು ತಪ್ಪಾದ್ರೂ ವರ್ಷವರ್ಷವೂ ಹೆಚ್ಚು ಕಟ್ತಾನೇ ಇರ್ತೀರಿ. ಹಾಗಾಗಿ ಹೆಚ್ಚಿನ ಮನೆಗಳಿಗೆ ನಿಜವಾದ ಉಳಿತಾಯ ಬರೋದು ಯಾವುದೋ ಮಾಫಿಯಿಂದಲ್ಲ, ತಪ್ಪು ದಾಖಲೆ ಸರಿಪಡಿಸೋದರಿಂದ.

ಕೊಟ್ಟಿಗೆ, ಬಿದ್ದ ಮನೆ ಎರಡರದ್ದೂ ಫೋಟೊ ತೆಗೆದೆ. ಜಾಗ, ತಾರೀಖು ಫೋಟೊ ಮೇಲೇ ಬರೋ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿದೆ. ಒಂದು ಪುಟದ ಅರ್ಜಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿ ಸ್ವೀಕೃತಿ ತಗೊಂಡೆ. ಮೊದಲೆರಡು ಸಲ “ಆಮೇಲೆ ಬಾ” ಅಂದ್ರು. ಸೀಲಿದ್ದ ಪ್ರತಿ ತೋರಿಸಿದ ಮೇಲೆ ಬಂದು ಅಳತೆ ಮಾಡಿದ್ರು.

ಕೊಟ್ಟಿಗೆ ಕೊಟ್ಟಿಗೆಯಾಯ್ತು. ಎಡವಟ್ಟಾಗ್ತಾ ಇದ್ದದ್ದು ಬಿದ್ದ ಮನೆ ವಿಷಯದಲ್ಲಿ.

ನಂಬರ್ ತೆಗೆಸಬೇಡಿ

“ಮನೇನೇ ಇಲ್ಲ, ಆ ನಂಬರ್ ಪೂರ್ತಿ ವಜಾ ಮಾಡ್ಸಿಬಿಡು, ಕಂದಾಯದ ತಲೆನೋವೇ ಇರಲ್ಲ” ಅಂದ್ರು ದೊಡ್ಡಪ್ಪ. ನನಗೂ ಸರಿ ಅನ್ನಿಸ್ತು. ಅರ್ಜಿಯಲ್ಲಿ ಹಾಗೇ ಬರೆದಿದ್ದೆ. ಅದನ್ನ ಓದಿದ ಪಿಡಿಒ ತಲೆ ಎತ್ತಿ ನೋಡಿ, “ಮನೆ ಬಿದ್ದಿದೆ ಸರಿ, ಜಾಗ ಎಲ್ಲಿ ಹೋಯ್ತಪ್ಪಾ?” ಅಂದ್ರು.

ಆಗ ಅರ್ಥ ಆಯ್ತು. ಊರೊಳಗಿನ ಹಳೇ ಜಾಗಕ್ಕೆ ನಮ್ಮ ಹತ್ರ ಕ್ರಯಪತ್ರ ಇಲ್ಲ, ಪಹಣಿ ಇಲ್ಲ. ಆ ಜಾಗ ನಮ್ಮ ಮನೆತನದ್ದು ಅಂತ ಹೇಳೋಕಿದ್ದದ್ದು ಪಂಚಾಯಿತಿ ರಿಜಿಸ್ಟರ್‌ನ ಆ ಒಂದು ಸಾಲು, ಅಜ್ಜ ಕಟ್ಟಿದ ರಸೀದಿಗಳು ಅಷ್ಟೇ. ತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ, ಅದು ನಿಜ. ಆದ್ರೂ ಬೇರೆ ಏನೂ ಇಲ್ಲದಾಗ ಅನುಭವದಲ್ಲಿ ಇದ್ದೀವಿ ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ. ವರ್ಷಕ್ಕೆ ಉಳಿಯೋ ನಾಲ್ಕು ಕಾಸಿಗೆ ಅದನ್ನ ನಾವೇ ಅಳಿಸೋಕೆ ಹೊರಟಿದ್ವಿ.

ಅರ್ಜಿ ತಿದ್ದಿ ಬರೆದೆ: ‘ಕಟ್ಟಡ ಬಿದ್ದಿರುವುದರಿಂದ ಖಾಲಿ ನಿವೇಶನ ಎಂದು ದಾಖಲಿಸಿ.’ ಈಗ ಅದಕ್ಕೆ ಕಟ್ಟಡದ ತೆರಿಗೆ ಇಲ್ಲ, ಜಾಗದ್ದು ಮಾತ್ರ. ಹಳೇ ಬಾಕಿ ಮಾತ್ರ ಬಿಡಲಿಲ್ಲ. ಮನೆ ಬಿದ್ದ ವರ್ಷವೇ ನಾವು ತಿಳಿಸಿರಲಿಲ್ಲವಲ್ಲ. ನಾಲ್ಕು ವರ್ಷ ಇಲ್ಲದ ಮನೆಗೆ ಕಂದಾಯ ಕಟ್ಟಿದ್ದು ನಮ್ಮ ಸೋಮಾರಿತನದ ದಂಡ. ಈ ವರ್ಷ ದೊಡ್ಡಪ್ಪನ ಮಗ ಅದೇ ಜಾಗದಲ್ಲಿ ಮನೆ ಕಟ್ಟೋಕೆ ಸಾಲಕ್ಕೆ ಹೋದ. ಬ್ಯಾಂಕಿನವರು ಮೊದಲು ಕೇಳಿದ್ದು ನಮೂನೆ 9 ಮತ್ತು ತೆರಿಗೆ ರಸೀದಿ.

ನೀವು ಈ ವಾರ ಮಾಡಬಹುದಾದದ್ದು

- ಇ-ಸ್ವತ್ತಿನಲ್ಲಿ ನಿಮ್ಮ ಆಸ್ತಿಯ ನಮೂನೆ 9 ಮತ್ತು 11 ಇದೆಯಾ ನೋಡಿ. ಹೆಸರು, ಅಳತೆ, ಚಕ್ಕುಬಂದಿ, ಚಾವಣಿ, ಬಳಕೆ ಈ ಐದನ್ನೂ ಓದಿ.
- ಡಿಮ್ಯಾಂಡ್ ನೋಟಿಸ್‌ನಲ್ಲಿ ತೆರಿಗೆ ಎಷ್ಟು, ಅದರ ಮೇಲಿನ ಗ್ರಂಥಾಲಯ, ಆರೋಗ್ಯ ಮುಂತಾದ ಸೆಸ್ ಎಷ್ಟು, ನೀರಿನ ಬಿಲ್ ಎಷ್ಟು ಅಂತ ಬೇರೆ ಬೇರೆ ಮಾಡಿ ನೋಡಿ. ಎಷ್ಟೋ ಸಲ ‘ಕಂದಾಯ ಜಾಸ್ತಿ’ ಅನ್ನಿಸೋದು ನೀರಿನ ಬಾಕಿ ಸೇರಿರೋದರಿಂದ.
- ಮನೆ ಕೆಡವಿದ್ರೆ, ಬಿದ್ದುಹೋದ್ರೆ, ಅಂಗಡಿ ಮುಚ್ಚಿ ವಾಸಕ್ಕೆ ಬಳಸೋಕೆ ಶುರು ಮಾಡಿದ್ರೆ ಅದೇ ವರ್ಷ ಅರ್ಜಿ ಕೊಡಿ.
- ಉತ್ತರ ಬರದಿದ್ರೆ ತಾಲ್ಲೂಕು ಪಂಚಾಯಿತಿ ಇಒಗೆ ಬರೆಯಿರಿ. ನಿಮ್ಮ ಅರ್ಜಿ ಏನಾಯ್ತು ಅಂತ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.
- ತಾಲ್ಲೂಕು ಕೇಂದ್ರದಲ್ಲಿ ಸೈಟೋ ಮನೆಯೋ ಇದ್ದು ಅದು ಪುರಸಭೆ, ನಗರಸಭೆ ವ್ಯಾಪ್ತಿಗೆ ಬಂದ್ರೆ ಏಪ್ರಿಲ್‌ನಲ್ಲೇ ಕಟ್ಟಿ. ಶೇ 5 ರಿಯಾಯಿತಿ ಇದೆ. ನಿಮ್ಮ ಪಂಚಾಯಿತಿಯಲ್ಲೂ ಬೇಗ ಕಟ್ಟೋರಿಗೆ ರಿಯಾಯಿತಿ ಇದೆಯಾ ಅಂತ ಏಪ್ರಿಲ್ ಮೊದಲ ವಾರವೇ ವಿಚಾರಿಸಿ.
- ಹಳೇ ರಸೀದಿಗಳನ್ನೆಲ್ಲ ಫೋಟೊ ತೆಗೆದು ಒಂದು ಫೋಲ್ಡರ್‌ಗೆ ಹಾಕಿಡಿ.

ನಮ್ಮಪ್ಪ ರಸೀದಿಗಳನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ರು, ಅರ್ಧ ಗೆದ್ದಲು ತಿಂದಿತ್ತು. ಉಳಿದರ್ಧ ಈಗ ನನ್ನ ಫೋನಲ್ಲಿದೆ. ನಿಮ್ಮ ಮನೆಯ ಟ್ರಂಕನ್ನೂ ಈ ಭಾನುವಾರ ಒಂದ್ಸಲ ತೆಗೆದು ನೋಡಿ.