ಕಡ್ಲಿ ಹೊಲದ ಹುಳಿ, ಕಪಾಟಿನ ಕೀಲಿ

ಎಳ್ಳಮಾಸಿ ಹೊತ್ತಿಗೆ ನಮ್ಮ ಗದಗ ಜಿಲ್ಲೆಯ ಇಟಗಿ ಸುತ್ತಲಿನ ಎರಿ ಹೊಲಗಳಲ್ಲಿ ಕಡ್ಲಿ ಹೂ ಬಿಟ್ಟಿರುತ್ತದೆ. ನಸುಕಿನಲ್ಲಿ ಸಾಲುಗಳ ನಡುವೆ ಹಾದರೆ ಬಟ್ಟೆ ತೊಯ್ಯುತ್ತದೆ, ಕಾಲಿಗೆ ಗೀರಿದ ಗಾಯವಿದ್ದರೆ ಚುರುಗುಡುತ್ತದೆ. ಅದು ಬರೀ ಇಬ್ಬನಿಯಲ್ಲ, ಹುಳಿ. ನಮ್ಮವ್ವ ಬಿಳಿ ಅರಿವೆಯೊಂದನ್ನು ಗಿಡಗಳ ಮೇಲೆ ಆಡಿಸಿ, ಹಿಂಡಿ, ಬಾಟಲಿಯಲ್ಲಿ ತುಂಬಿಡುತ್ತಿದ್ದಳು. ಯಾರಿಗಾದರೂ ಹೊಟ್ಟೆ ಕೆಟ್ಟರೆ ನಾಲ್ಕು ಹನಿ ನೀರಿಗೆ ಬೆರೆಸಿ ಕೊಡುತ್ತಿದ್ದಳು.

‘ಗಿಡಕ್ಕ ಹುಳಿ ಯಾಕ ಬರತೈತ್ರೀ ಸರ?’ ಎಂದು ವಿಜ್ಞಾನದ ಮಾಸ್ತರರನ್ನು ಒಮ್ಮೆ ಕೇಳಿದ್ದೆ. ‘ಆಮ್ಲ ಇರತೈತಲೇ’ ಅಂದರು. ಯಾವ ಆಮ್ಲ, ಅದರಿಂದ ಗಿಡಕ್ಕೇನು ಉಪಯೋಗ ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ಅದೇ ಕೋಣೆಯ ಮೂಲೆಯಲ್ಲಿ ಪುಸ್ತಕದ ಕಪಾಟು ನಿಂತಿತ್ತು, ಕೀಲಿ ಹಾಕಿಕೊಂಡು. ಪುಸ್ತಕ ಕಳೆದರೆ ಹೊಣೆ ಯಾರದೆಂಬ ಅಂಜಿಕೆಗೆ ಅದನ್ನು ತೆರೆಯುತ್ತಲೇ ಇರಲಿಲ್ಲ. ಪಾಠ ಮಾಡುವವರಿಗೂ ಪುಸ್ತಕ ಕಾಯುವವರಿಗೂ ಸಂಬಂಧವೇ ಇಲ್ಲದ ಆ ವ್ಯವಸ್ಥೆ ನನ್ನನ್ನು ಈಗಲೂ ಕಾಡುತ್ತದೆ. ಇಬ್ಬರನ್ನೂ ಕೂಡಿಸಿ ತರಬೇತಿ ಕೊಡಬೇಕೆಂಬ ವಿಚಾರ ಎಲ್ಲಿಂದ ಬಂತು, ನಮ್ಮ ಕಡೆ ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಲು ಹೊರಟಿದ್ದು ಅದಕ್ಕೇ.

ಹುಡುಕಿದಾಗ ಮೊದಲು ಸಿಕ್ಕವರು ಎಸ್.ಆರ್. ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ನಾವು ನೆನೆಯುವ ಈ ಮನುಷ್ಯ ಮೂಲತಃ ಗಣಿತದ ಮೇಷ್ಟ್ರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಶುರುಮಾಡಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಅಲ್ಲಿನ ಒಂಟಿತನ ತಾಳದೆ ತರಗತಿಗೆ ಮರಳಿ ಹೋಗುತ್ತೇನೆಂದು ಪಟ್ಟುಹಿಡಿದಿದ್ದರು. ಲಂಡನ್ನಿಗೆ ಕಲಿಯಲು ಹೋಗಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಕಂಡ ಮೇಲೆ ಮನಸ್ಸು ತಿರುಗಿತು. 1957ರಿಂದ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದರು. ಅವರು ತೀರಿಕೊಂಡ ಮರುವರ್ಷ, 1973ರಲ್ಲಿ, ಹೊಸ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯದ ಬಗ್ಗೆಯೇ ಅವರ ಪುಸ್ತಕವೊಂದು ಹೊರಬಂತು. ಮೇಷ್ಟ್ರು ಮತ್ತು ಗ್ರಂಥಪಾಲಕ ಎರಡೂ ಆಗಿ ಬಾಳಿದ ಒಬ್ಬರು ನಮ್ಮ ನಡುವೆಯೇ ಇದ್ದರೆಂಬುದು ನನಗೆ ದೊಡ್ಡ ಸಂಗತಿ.

ವಿಜ್ಞಾನದ ಕಡೆಯಿಂದಲೂ ದಾರಿ ಸವೆಯುತ್ತಿತ್ತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಒಂದು ಪ್ರಯೋಗ ಆರಂಭವಾಯಿತು. ಅದರ ತರಬೇತಿಯಲ್ಲಿ ಶಿಕ್ಷಕರು ಭಾಷಣ ಕೇಳಲು ಕೂಡುತ್ತಿರಲಿಲ್ಲ. ಮಕ್ಕಳು ಮಾಡಬೇಕಾದ ಪ್ರಯೋಗವನ್ನು ತಾವೇ ಮಾಡಿ, ತಪ್ಪಿ, ಜಗಳಾಡಿ ಕಲಿಯುತ್ತಿದ್ದರು. ಪರೀಕ್ಷೆಗೂ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ನಿಲ್ಲಿಸಬಾರದಿತ್ತು. ನಮ್ಮಲ್ಲಿ 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದವು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಇಬ್ಬರನ್ನೂ ಕೂಡಿಸುವ ವಿಚಾರಕ್ಕೆ ಇವೆಲ್ಲಕ್ಕಿಂತ ಹತ್ತಿರ ಬಂತು ಎನ್ನಬೇಕು. ಮಕ್ಕಳು ಗುಂಪಾಗಿ ತಮ್ಮೂರಿನದೇ ಸಮಸ್ಯೆಯೊಂದನ್ನು ಹಿಡಿದು ಶೋಧಿಸಬೇಕು, ಒಬ್ಬ ಶಿಕ್ಷಕ ಮಾರ್ಗದರ್ಶಿ. ಕೆರೆಯ ನೀರು ಅಳೆಯಲು ಮಾಸ್ತರರು ಸಾಕು. ಆ ಕೆರೆಯ ಬಗ್ಗೆ ಈ ಮೊದಲು ಯಾರು ಏನು ಬರೆದಿದ್ದಾರೆಂದು ನೋಡಲು ಲೈಬ್ರರಿ ಬಲ್ಲವರು ಬೇಕು. ಆ ಎರಡನೆಯವರಿಗೆ ಅಲ್ಲಿ ಜಾಗ ಗೊತ್ತುಮಾಡಿರಲಿಲ್ಲ.

ಆ ಜಾಗ ಏಕೆ ಬೇಕೆಂಬುದನ್ನು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರಲ್ ಕುಲ್ತೌ ತೋರಿಸಿಕೊಟ್ಟಿದ್ದಾರೆ. ಶಾಲೆಯ ಮಕ್ಕಳು ವಿಷಯವೊಂದನ್ನು ಹುಡುಕುವಾಗ ಏನಾಗುತ್ತದೆಂದು 1980ರ ದಶಕದಿಂದ ಅವರು ಗಮನಿಸುತ್ತ ಬಂದರು. ವಿಷಯ ಆರಿಸಿಕೊಂಡಾಗ ಇದ್ದ ಹುರುಪು, ನಾಲ್ಕು ಪುಸ್ತಕ ತೆರೆದೊಡನೆ ಗೊಂದಲಕ್ಕೆ ತಿರುಗುತ್ತದೆ. ಒಂದು ಪುಸ್ತಕ ಹೀಗೆನ್ನುತ್ತದೆ, ಇನ್ನೊಂದು ಹಾಗೆನ್ನುತ್ತದೆ. ಮಗು ಕೈಚೆಲ್ಲುವುದು ಅಲ್ಲೇ. ಅಲ್ಲಿಯೇ ಶಿಕ್ಷಕರೂ ಗ್ರಂಥಪಾಲಕರೂ ಒಂದು ತಂಡವಾಗಿ ಪಕ್ಕದಲ್ಲಿರಬೇಕು ಎಂಬುದು 2007ರಲ್ಲಿ ಅವರು ಸಂಗಡಿಗರೊಡನೆ ಬರೆದ ಪುಸ್ತಕದ ತಿರುಳು.

ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಇರುವುದೇ ಅಪರೂಪ. ಸಾಮಾನ್ಯವಾಗಿ ಯಾರೋ ಒಬ್ಬ ಶಿಕ್ಷಕರಿಗೆ ‘ಚಾರ್ಜು’ ಇರುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ಪುಸ್ತಕಕ್ಕೆಂದು ಶಾಲೆಯ ಮಟ್ಟ ನೋಡಿ ವರ್ಷಕ್ಕೆ ₹5,000ದಿಂದ ₹20,000ದವರೆಗೆ ಅನುದಾನವಿದೆ, ಓದಿಸುವ ಕೈಗಳಿಲ್ಲ. ಆದರೆ 2019ರಲ್ಲಿ ಒಂದು ತಿರುವು ಬಂತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ‘ಅರಿವು ಕೇಂದ್ರ’ ಎಂದು ಹೆಸರು ಪಡೆದ ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ.

ಅಂದರೆ ಹಳ್ಳಿಯಲ್ಲಿ ಈಗ ಇಬ್ಬರೂ ಇದ್ದಾರೆ: ಶಾಲೆಯಲ್ಲಿ ವಿಜ್ಞಾನದ ಅಕ್ಕೋರು, ಪಂಚಾಯಿತಿಯಲ್ಲಿ ಗ್ರಂಥಾಲಯದ ಮೇಲ್ವಿಚಾರಕರು. ಆದರೆ ಅವರು ಬೇರೆ ಬೇರೆ ಇಲಾಖೆಯವರು. ಅಕ್ಕೋರ ತರಬೇತಿ ಶಿಕ್ಷಣ ಇಲಾಖೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನ ಲೆಕ್ಕ, ಮೇಲ್ವಿಚಾರಕರದು ಪಂಚಾಯತ್ ರಾಜ್ ಲೆಕ್ಕ. ಗದಗಿನಲ್ಲಿ ಡಯಟ್ ಇದೆ. 2016ರಲ್ಲಿ ಆರಂಭವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಅಲ್ಲೇ ಇದೆ. ಇವರಿಬ್ಬರನ್ನು ಮೂರು ದಿನ ಒಂದೇ ಬೆಂಚಿನಲ್ಲಿ ಕೂಡಿಸಲು ನಮ್ಮ ಜಿಲ್ಲೆಗಿಂತ ಅನುಕೂಲದ ಜಾಗ ಎಲ್ಲಿದೆ?

ಕೂಡಿಸಿ ಏನು ಕಲಿಸಬೇಕೆಂದರೆ, ಕಡ್ಲಿ ಹುಳಿಯಿಂದಲೇ ಶುರುಮಾಡಬಹುದು. ಇಬ್ಬರೂ ನಸುಕಿನಲ್ಲಿ ಹೊಲಕ್ಕೆ ಹೋಗಿ ಅರಿವೆ ತೊಯ್ಯಿಸಿ ತರಲಿ. ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ಬಣ್ಣದ ನೀರಿಗೆ ನಾಲ್ಕು ಹನಿ ಹುಳಿ ಹಾಕಿದರೆ ಕಡುಗುಲಾಬಿ ಆಗುತ್ತದೆ. ಸುಣ್ಣದ ತಿಳಿ ಹಾಕಿದರೆ ಹಸಿರು. ಅರಿಷಿಣದ ಕಾಗದಕ್ಕೆ ಹುಳಿ ಹಚ್ಚಿದರೆ ಏನೂ ಆಗುವುದಿಲ್ಲ, ಸಾಬೂನು ತಾಗಿಸಿದರೆ ಕೆಂಪಾಗುತ್ತದೆ. ಇಷ್ಟನ್ನು ಅಕ್ಕೋರು ಮಾಡಿ ತೋರಿಸುವಾಗ ಮೇಲ್ವಿಚಾರಕರು ಪಕ್ಕದಲ್ಲೇ ನಿಂತು ಮಕ್ಕಳ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮರುದಿನದ ಪಾಠ ಲೈಬ್ರರಿಯಲ್ಲಿ. ಒಂದು ಮೇಜಿನ ಮೇಲೆ ‘ಬಾಲವಿಜ್ಞಾನ’ದ ಹಳೇ ಸಂಚಿಕೆ, ಇನ್ನೊಂದರ ಮೇಲೆ ಕಡಲೆ ಬೇಸಾಯದ ಕೈಪಿಡಿ, ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’. ಇಲ್ಲಿ ಅಕ್ಕೋರು ಮಕ್ಕಳ ಜೊತೆ ಕೂತು ಓದಬೇಕು. ಎಲೆಯ ಮೇಲಿನ ಸಣ್ಣ ಕೂದಲುಗಳಿಂದ ಒಸರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಎಂದೂ, ಆಕ್ಸಾಲಿಕ್ ಹೆಚ್ಚಿದ್ದ ತಳಿಗಳಲ್ಲಿ ಕಾಯಿಕೊರಕದ ಮರಿಹುಳು ಸರಿಯಾಗಿ ಬೆಳೆಯುವುದಿಲ್ಲವೆಂದೂ ಸಂಶೋಧಕರು ಕಂಡುಕೊಂಡಿದ್ದಾರೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಇದು. ನನಗೆ ಸಿಕ್ಕಾಗ ತಲೆ ನರೆತಿತ್ತು.

ಅವ್ವ ಇನ್ನೊಂದು ಮಾತು ಹೇಳುತ್ತಿದ್ದಳು: ‘ಅಕಾಲಕ್ಕ ಮಳಿ ಹೊಡದ್ರ ಹುಳಿ ತೊಳಕೊಂಡು ಹೋಗತೈತಿ.’ ಹಾಗಾದರೆ ಮಳೆ ಬಿದ್ದ ವಾರ ಇಟಗಿಯ ಹೊಲಗಳಲ್ಲಿ ಹುಳದ ಕಾಟ ಹೆಚ್ಚುತ್ತದೆಯೇ? ಹತ್ತು ಮಕ್ಕಳು, ಹತ್ತು ಸಾಲು, ಸಾಲಿಗೆ ಹತ್ತು ಗಿಡ ಎಣಿಸಿ ವಹಿಯಲ್ಲಿ ಬರೆದಿಟ್ಟರೆ, ಮುಂದಿನ ಹಿಂಗಾರಿಗೆ ಅರಿವು ಕೇಂದ್ರದ ಕಪಾಟಿನಲ್ಲಿ ಆ ವಹಿಯೂ ಇರುತ್ತದೆ.