ಹಾರ್ವರ್ಡ್ ಬಾಗಿಲಲ್ಲಿ ಗುಣಪರೀಕ್ಷೆ

ರಿಚರ್ಡ್ ಫೈನ್‌ಮನ್‌ಗೆ ಕೊಲಂಬಿಯಾ ವಿಶ್ವವಿದ್ಯಾಲಯ ಸೀಟು ಕೊಡಲಿಲ್ಲ ಎಂದರೆ ನನ್ನ ಪಿಯುಸಿ ವಿದ್ಯಾರ್ಥಿಗಳು ನಂಬುವುದೇ ಇಲ್ಲ. ಮುಂದೆ, 1965ರಲ್ಲಿ, ಭೌತಶಾಸ್ತ್ರದ ನೊಬೆಲ್ ಪಡೆದ ಮನುಷ್ಯ ಆತ. ನ್ಯೂಯಾರ್ಕ್‌ನಲ್ಲೇ ಹುಟ್ಟಿ ಬೆಳೆದ ಹುಡುಗ, ಗಣಿತದಲ್ಲಿ ಅಸಾಧಾರಣ. ಆದರೆ ಯಹೂದಿ. ಯಹೂದಿಗಳಿಗೆ ಇಷ್ಟೇ ಸೀಟು ಎಂಬ ಲೆಕ್ಕ ಆಗ ಕೊಲಂಬಿಯಾದಲ್ಲಿತ್ತು. ಹಾಗಾಗಿ 1935ರಲ್ಲಿ ಫೈನ್‌ಮನ್ ಎಂಐಟಿ ಸೇರಿದರು. ನಾಲ್ಕು ವರ್ಷಗಳ ನಂತರ ಪ್ರಿನ್ಸ್‌ಟನ್‌ಗೆ ಅರ್ಜಿ ಹಾಕಿದಾಗಲೂ ಅದೇ ಪ್ರಶ್ನೆ ಎದ್ದಿತು. ಅಲ್ಲಿನ ಭೌತಶಾಸ್ತ್ರ ವಿಭಾಗದ ಸ್ಮೈತ್ ಅವರು ಎಂಐಟಿಯ ಫಿಲಿಪ್ ಮೋರ್ಸ್‌ಗೆ ಪತ್ರ ಬರೆದು, ಈ ಹುಡುಗ ಯಹೂದಿಯೇ ಎಂದು ವಿಚಾರಿಸಿದರು. ಭೌತಶಾಸ್ತ್ರ, ಗಣಿತದ ಅಂಕಗಳ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಅನುಮಾನವಿದ್ದದ್ದು ಹುಟ್ಟಿನ ಬಗ್ಗೆ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮಕ್ಕಳು ರೆಕಮೆಂಡೇಶನ್ ಲೆಟರ್ ಕೇಳಿಕೊಂಡು ನನ್ನ ಹತ್ತಿರ ಬಂದಾಗ ನಾನು ಈ ಇತಿಹಾಸವನ್ನು ಹೇಳಿಯೇ ಹೇಳುತ್ತೇನೆ. ನಮ್ಮ ಸಿಇಟಿಯಲ್ಲಿ ರ್‍ಯಾಂಕ್ ಬಂದರೆ ಸೀಟು, ಮೇಷ್ಟ್ರು ಏನು ಬರೆದರು ಎಂದು ಯಾರೂ ನೋಡುವುದಿಲ್ಲ. ಅಲ್ಲಿ ಹಾಗಲ್ಲ. ಪ್ರಬಂಧ ಬೇಕು, ಆಟೋಟ ಬೇಕು, ಅಪ್ಪ ಅಮ್ಮ ಓದಿದ ಕಾಲೇಜಿನ ಹೆಸರು ಬೇಕು, ಹುಡುಗನ ಸ್ವಭಾವ ಹೇಗೆ ಎಂದು ಮೇಷ್ಟ್ರು ಹೇಳಬೇಕು. ಈ ಪ್ರಶ್ನೆಗಳೆಲ್ಲ ಯಾವಾಗ, ಯಾಕೆ ಹುಟ್ಟಿದವು ಎಂದು ತಿಳಿದು ಉತ್ತರ ಬರೆಯುವುದು ಒಳ್ಳೆಯದು.

ಹಾರ್ವರ್ಡ್ ಶುರುವಾದದ್ದು 1636ರಲ್ಲಿ. ಲ್ಯಾಟಿನ್ ಓದಲು, ಬರೆಯಲು ಬರಬೇಕು, ಗ್ರೀಕ್ ವ್ಯಾಕರಣ ಗೊತ್ತಿರಬೇಕು, ಇಷ್ಟೇ ಆಗಿನ ಪ್ರವೇಶ ಪರೀಕ್ಷೆ. ಒಳಗೆ ಸೇರಿದ ಮೇಲೆ ಮಾತ್ರ ತರಗತಿಯ ಪಟ್ಟಿಯಲ್ಲಿ ಹುಡುಗರ ಹೆಸರು ಅಪ್ಪನ ಅಂತಸ್ತಿನ ಪ್ರಕಾರ ಮೇಲೆ ಕೆಳಗೆ ಆಗುತ್ತಿತ್ತು. 18ನೇ ಶತಮಾನದಲ್ಲಿ ಬಹುಕಾಲ ಇದು ನಡೆಯಿತು. ಯೇಲ್‌ನ ಹೆಸರಿಗೆ ನಮ್ಮ ಪಕ್ಕದ ಮದರಾಸಿನ ನಂಟಿದೆ. ಸೇಂಟ್ ಜಾರ್ಜ್ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದು ದುಡ್ಡು ಮಾಡಿದ್ದ ಎಲಿಹು ಯೇಲ್ 1718ರಲ್ಲಿ 417 ಪುಸ್ತಕ, ರಾಜನ ಒಂದು ಚಿತ್ರ, ಒಂಬತ್ತು ಮೂಟೆ ಸರಕು ಕಳಿಸಿದ. ಸರಕು ಮಾರಿ ಬಂದ ಹಣಕ್ಕೆ ಕೃತಜ್ಞತೆಯಾಗಿ ಕಾಲೇಜಿಗೆ ಅವನ ಹೆಸರಾಯಿತು.

20ನೇ ಶತಮಾನದ ಆರಂಭದವರೆಗೂ, ಪರೀಕ್ಷೆ ಪಾಸಾದವನಿಗೆ ಹೆಚ್ಚುಕಮ್ಮಿ ಸೀಟು ಖಾತ್ರಿ. ಹಾಗೆ ಪರೀಕ್ಷೆಗೆ ಬರುತ್ತಿದ್ದವರು ಹೆಚ್ಚಾಗಿ ಸಿರಿವಂತರ ಖಾಸಗಿ ಶಾಲೆಯ ಹುಡುಗರೇ ಆಗಿದ್ದರಿಂದ ಯಾರಿಗೂ ತಕರಾರಿರಲಿಲ್ಲ. ಅಷ್ಟರಲ್ಲಿ ರಷ್ಯಾ ಮತ್ತು ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳ ಮಕ್ಕಳು ಬಾಸ್ಟನ್, ನ್ಯೂಯಾರ್ಕ್‌ಗಳ ಸರ್ಕಾರಿ ಶಾಲೆಗಳಲ್ಲಿ ಓದಿ ಅದೇ ಪರೀಕ್ಷೆಯನ್ನು ಪಾಸು ಮಾಡತೊಡಗಿದರು. 1900ರಲ್ಲಿ ಹಾರ್ವರ್ಡ್‌ನ ಹೊಸ ವಿದ್ಯಾರ್ಥಿಗಳಲ್ಲಿ ಶೇ. 7ರಷ್ಟಿದ್ದ ಯಹೂದಿಗಳು 1922ರ ಹೊತ್ತಿಗೆ ಶೇ. 21 ದಾಟಿದ್ದರು. ಅಧ್ಯಕ್ಷ ಲಾರೆನ್ಸ್ ಲೋವೆಲ್‌ಗೆ ಇದನ್ನು ಸಹಿಸಲಾಗಲಿಲ್ಲ. ಯಹೂದಿಗಳ ಸಂಖ್ಯೆಗೆ ಮಿತಿ ಹಾಕೋಣ ಎಂದು ಬಹಿರಂಗವಾಗಿಯೇ ಹೇಳಿದರು. ಊರೆಲ್ಲ ಗದ್ದಲವಾಯಿತು. ಅಧ್ಯಾಪಕರ ಸಮಿತಿ ಮಿತಿಯನ್ನು ತಳ್ಳಿಹಾಕಿತು.

ಲೋವೆಲ್ ಸುಮ್ಮನಾಗಲಿಲ್ಲ. ಮುಂಬಾಗಿಲಿನಿಂದ ಆಗದ್ದನ್ನು ಅರ್ಜಿಯ ನಮೂನೆಯಿಂದ ಮಾಡಿಸಿದರು. 1922ರಿಂದ ಹಾರ್ವರ್ಡ್ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಬಂದವು: ನಿಮ್ಮ ಜನಾಂಗ, ಮೈಬಣ್ಣ ಯಾವುದು? ಧರ್ಮ ಯಾವುದು? ತಾಯಿಯ ತವರಿನ ಹೆಸರೇನು? ತಂದೆ ಹುಟ್ಟಿದ್ದು ಎಲ್ಲಿ? ನೀವು ಹುಟ್ಟಿದ ಮೇಲೆ ನಿಮ್ಮ ಅಥವಾ ತಂದೆಯ ಹೆಸರೇನಾದರೂ ಬದಲಾಗಿದೆಯೇ? ಈ ಕೊನೆಯ ಪ್ರಶ್ನೆ ಓದಿದಾಗ ನನಗೆ ಸಿಟ್ಟೂ ಸಂಕಟವೂ ಆಯಿತು. ಅಡ್ಡಹೆಸರು ಕೇಳಿ ಜಾತಿ ಪತ್ತೆಹಚ್ಚುವ ನಮ್ಮವರ ಚಾಳಿಯೇ ಅಲ್ಲವೇ ಇದು? 1926ರಲ್ಲಿ ಹೊಸಬರ ಸಂಖ್ಯೆಯನ್ನು 1000ಕ್ಕೆ ಸೀಮಿತಗೊಳಿಸಿ, ಆಯ್ಕೆಯಲ್ಲಿ ಅಂಕದ ಜೊತೆ ಗುಣಸ್ವಭಾವಕ್ಕೂ ತೂಕ ಕೊಟ್ಟರು, ಫೋಟೊ ಕಡ್ಡಾಯ ಮಾಡಿದರು. ಕೆಲವೇ ವರ್ಷಗಳಲ್ಲಿ ಯಹೂದಿಗಳ ಪಾಲು ಅರ್ಧಕ್ಕೆ ಇಳಿಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ರಿಯಾಯಿತಿ ಕೊಡುವ ನೀತಿ ಯೇಲ್‌ನಲ್ಲಿ ಬಂದದ್ದೂ ಇದೇ ಕಾಲದಲ್ಲಿ, 1925ರಲ್ಲಿ. ಈ ಇಡೀ ಪ್ರಕರಣವನ್ನು ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರ ತಮ್ಮ ‘ದ ಚೋಸನ್’ ಗ್ರಂಥದಲ್ಲಿ ದಾಖಲೆ ಸಮೇತ ಬಿಚ್ಚಿಟ್ಟಿದ್ದಾರೆ.

ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ 1926ರಲ್ಲಿ ಮೊದಲ ಸಲ ನಡೆಯಿತು. ಲೋವೆಲ್ ನಂತರ ಬಂದ ಜೇಮ್ಸ್ ಕೊನಾಂಟ್ ದೂರದ ಊರುಗಳ ಬಡ, ಜಾಣ ಹುಡುಗರನ್ನು ಹುಡುಕಲು ಅದನ್ನು ಬಳಸಿದರು. ಆದರೂ ಗುಣ ಅಳೆಯುವ ಕ್ರಮ ಹೋಗಲಿಲ್ಲ. ಹುಡುಗಿಯರಂತೂ ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಪದವಿ ತರಗತಿಗೆ ಸೇರಲು 1969ರವರೆಗೆ ಕಾಯಬೇಕಾಯಿತು.

ಆ ಅಳತೆ ಇಂದಿಗೂ ಹೇಗೆ ನಡೆಯುತ್ತದೆ ಎಂಬುದು ಹೊರಬಿದ್ದದ್ದು 2018ರಲ್ಲಿ, ಹಾರ್ವರ್ಡ್ ವಿರುದ್ಧದ ಮೊಕದ್ದಮೆಯ ವಿಚಾರಣೆಯಲ್ಲಿ. ಓದಿಗೆ ಒಂದು ಅಂಕ, ಆಟಕ್ಕೆ ಒಂದು, ಇತರ ಚಟುವಟಿಕೆಗೆ ಒಂದು, ವ್ಯಕ್ತಿತ್ವಕ್ಕೆ ಮತ್ತೊಂದು. ಏಷ್ಯಾ ಮೂಲದ ಅಮೆರಿಕನ್ ಮಕ್ಕಳಿಗೆ ಓದಿನಲ್ಲಿ ಸರಾಸರಿ ಹೆಚ್ಚು ಅಂಕ, ವ್ಯಕ್ತಿತ್ವದಲ್ಲಿ ಕಡಿಮೆ. ಹಾರ್ವರ್ಡ್ ಬೇಕೆಂದೇ ತಾರತಮ್ಯ ಮಾಡಿಲ್ಲ ಎಂದು 2019ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿತು. ಆದರೆ ಅದೇ ತೀರ್ಪು, ಶಾಲೆಗಳಿಂದ ಬರುವ ಶಿಫಾರಸು ಪತ್ರಗಳೂ ಈ ವ್ಯತ್ಯಾಸಕ್ಕೆ ಕಾರಣವಿರಬಹುದು ಎಂದಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ನಿಲ್ಲಿಸಿತು.

ಪತ್ರಗಳ ಮೇಲಿನ ಆ ಮಾತು ನನ್ನ ವೃತ್ತಿಗೆ ನೇರವಾಗಿ ತಾಗುವಂಥದ್ದು. ‘ಶ್ರಮಜೀವಿ, ವಿನಯವಂತ, ತರಗತಿಗೆ ಮೊದಲಿಗ’ ಎಂದು ನಾವು ಬರೆದು ಕಳಿಸುವ ಪತ್ರ ಆಯ್ಕೆ ಮಾಡುವವರ ಟೇಬಲ್ಲಿನ ಮೇಲೆ ಯಾರನ್ನೂ ಕಣ್ಣಿಗೆ ಕಟ್ಟಿಕೊಡುವುದಿಲ್ಲ. ಪ್ರ್ಯಾಕ್ಟಿಕಲ್‌ನಲ್ಲಿ ರೀಡಿಂಗ್ ತಪ್ಪಾಗಿ ಬಂದಾಗ ಪಕ್ಕದವನದನ್ನು ನೋಡಿ ತಿದ್ದದೆ, ತಂತಿ ಬಿಚ್ಚಿ ಮತ್ತೆ ಜೋಡಿಸಿ ಸಂಜೆಯವರೆಗೆ ಕೂತ ಹುಡುಗಿಯ ಬಗ್ಗೆ ಬರೆಯುವಾಗ ನಾನು ಆ ಸಂಜೆಯನ್ನೇ ಬರೆಯುತ್ತೇನೆ.

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ರಿಯಾಯಿತಿಯೂ ಅದೇ ವಿಚಾರಣೆಯಲ್ಲಿ ಲೆಕ್ಕಕ್ಕೆ ಬಂತು. ಅಂಥ ಮಕ್ಕಳಲ್ಲಿ ಸುಮಾರು ಶೇ. 34 ಮಂದಿಗೆ ಹಾರ್ವರ್ಡ್ ಸೀಟು, ಉಳಿದವರಲ್ಲಿ ಸುಮಾರು ಶೇ. 6 ಮಂದಿಗೆ. ಇದನ್ನು ಸಮರ್ಥಿಸುವ ಒಂದು ಕಾರಣವೂ ನನಗೆ ಕಾಣುವುದಿಲ್ಲ. ಎಂಐಟಿ ಇದನ್ನು ಪರಿಗಣಿಸುವುದಿಲ್ಲ, ಜಾನ್ಸ್ ಹಾಪ್ಕಿನ್ಸ್, ಆಮ್‌ಹರ್ಸ್ಟ್ ಕೈಬಿಟ್ಟಿವೆ. 2024ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಖಾಸಗಿ ಕಾಲೇಜುಗಳಲ್ಲೂ ಇದನ್ನು ಕಾನೂನಿನಿಂದಲೇ ನಿಷೇಧಿಸಿತು.

ಇನ್ನು ದುಡ್ಡಿನ ಮಾತು. ಫೀಸಿನ ಮೊತ್ತ ಕೇಳಿಯೇ ಅರ್ಜಿ ಕೈಬಿಡುವ ಮನೆಗಳು ನಮ್ಮಲ್ಲಿ ಬಹಳ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಸೇರಿದಂತೆ ಕೆಲವೇ ಕಡೆ, ವಿದೇಶಿ ವಿದ್ಯಾರ್ಥಿಗೂ ಆಯ್ಕೆಯ ಹೊತ್ತಿನಲ್ಲಿ ಆರ್ಥಿಕ ಸ್ಥಿತಿ ನೋಡುವುದಿಲ್ಲ, ಸೀಟು ಕೊಟ್ಟ ಮೇಲೆ ಮನೆಯ ಆದಾಯಕ್ಕೆ ತಕ್ಕಂತೆ ಪೂರ್ತಿ ನೆರವು ಕೊಡುತ್ತವೆ. ಬೇರೆ ಅನೇಕ ಕಾಲೇಜುಗಳಲ್ಲಿ ನೆರವು ಕೇಳಿದ ವಿದೇಶಿ ವಿದ್ಯಾರ್ಥಿಯ ಅವಕಾಶ ಕುಗ್ಗುತ್ತದೆ. ಅರ್ಜಿ ಹಾಕುವ ಮುಂಚೆ ಆಯಾ ಕಾಲೇಜಿನ ಈ ನಿಯಮವನ್ನು ಅಪ್ಪ ಅಮ್ಮ ಮಕ್ಕಳ ಜೊತೆ ಕೂತು ಓದಬೇಕು. ಸೀಟಿನ ನಿರೀಕ್ಷೆಯನ್ನೂ ಅಲ್ಲೇ ತೂಗಿಕೊಳ್ಳಬೇಕು: 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿಗಳು 54,000ಕ್ಕೂ ಹೆಚ್ಚು, ಸೀಟು ಸಿಕ್ಕಿದ್ದು 1,937 ಮಂದಿಗೆ.